ಕಾಣದ ಕಣ್ಣಿನ ಕೆಲಸ

೨೦೦೩ನೇ ಇಸವಿ, ಆಗಸ್ಟ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಿದ್ರೆಯ ತೊಂದರೆ ನೋಡುವ ಡಾಕ್ಟರ ಕೋಣೆ. ಹಾಜರಿದ್ದವರು ನಾಲ್ವರು: ಡಾಕ್ಟರು, ನಾನು, ನನ್ನ ಹೆಂಡತಿ, ಹೆಂಡತಿಯ ತಮ್ಮ.

ಹೀಗೆ ಹಾಜರಿ ಹೇಳಿ ಶುರು ಮಾಡುವುದು ನಾನು ಚಿಕ್ಕಂದಿನಲ್ಲಿ ಕಲಿತ ಪಾಠ. ನಾನು ಕುರುಡರ ವಸತಿ ಶಾಲೆಯಲ್ಲಿ ಬೆಳೆದವನು. ಅಲ್ಲಿ ಕೋಣೆಯೊಳಗೆ ಯಾರೇ ಬಂದರೂ ಬಾಗಿಲಲ್ಲೇ ಹೆಸರು ಹೇಳಬೇಕಿತ್ತು, ಹೊರಡುವಾಗ ಹೊರಟೆ ಎನ್ನಬೇಕಿತ್ತು. ಸದ್ದಿಲ್ಲದೆ ನಿಂತು ಕೇಳಿಸಿಕೊಳ್ಳುವವನಿಗೆ ನಮ್ಮ ವಾರ್ಡನ್ನರು ರಾತ್ರಿಯ ಮಜ್ಜಿಗೆ ತಪ್ಪಿಸುತ್ತಿದ್ದರು. ಏಳುವುದು, ಹಲ್ಲುಜ್ಜುವುದು, ಹಾಸಿಗೆ ಸುತ್ತುವುದು, ಪ್ರಾರ್ಥನೆ, ಪಾಠ, ಬೆತ್ತದ ಕುರ್ಚಿ ಹೆಣೆಯುವುದು, ಎಲ್ಲಕ್ಕೂ ಗಂಟೆ. ಕಣ್ಣಿದ್ದವರು ತಡವಾದರೆ ಓಡಿ ಸರಿಮಾಡಿಕೊಳ್ಳುತ್ತಾರೆ, ನೀವು ಓಡುವ ಹಾಗಿಲ್ಲ, ಆದ್ದರಿಂದ ತಡವಾಗುವ ಹಾಗೂ ಇಲ್ಲ ಎಂದು ಅವರು ಹೇಳುತ್ತಿದ್ದರು. ಆ ಮಾತನ್ನು ನಾನು ಜೀವನವಿಡೀ ಪಾಲಿಸಿದೆ.

ನನ್ನ ಹೆಂಡತಿಗೆ ದೃಷ್ಟಿ ಇದೆ. ಮದುವೆಗೆ ಮುಂಚೆ ಅವಳಲ್ಲಿ ನಾನು ಕೇಳಿಕೊಂಡದ್ದು ಒಂದೇ ಮಾತು. ನನ್ನೆದುರಿಗೆ ಯಾರ ಜೊತೆಗೂ ಸನ್ನೆಯಲ್ಲಿ ಮಾತಾಡಬಾರದು. ಬೈಯುವುದಿದ್ದರೆ ಬಾಯಿ ಬಿಟ್ಟು ಬೈಯಲಿ, ಸುಳ್ಳು ಹೇಳುವುದಿದ್ದರೂ ಬಾಯಿ ಬಿಟ್ಟೇ ಹೇಳಲಿ. ಕೇಳಿಸಿದ ಸುಳ್ಳನ್ನು ನಾನು ಹೇಗೋ ಹಿಡಿಯುತ್ತೇನೆ, ಕೈಯಲ್ಲಿ ಆಡಿದ್ದನ್ನು ಹಿಡಿಯಲು ನನ್ನಲ್ಲಿ ಏನೂ ಇಲ್ಲ. ಅವಳು ಒಪ್ಪಿದಳು. ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಮಗಳು ಪುಟ್ಟವಳಾಗಿದ್ದಾಗ, ಬಂದ ನೆಂಟರೊಬ್ಬರು ನನ್ನನ್ನು ತೋರಿಸಿ ಅವಳಿಗೆ ಏನೋ ಸನ್ನೆ ಮಾಡಿದರಂತೆ. ಅವಳು ಗಟ್ಟಿಯಾಗಿ, “ಅಪ್ಪಾ, ಇವ್ರು ಸನ್ನೆ ಮಾಡ್ತಾವ್ರೆ” ಎಂದುಬಿಟ್ಟಳು. ನೆಂಟರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಇನ್ನು ನನ್ನ ಕಣ್ಣುಗಳ ವಿಚಾರ. ಎಳವೆಯಲ್ಲಿ ದಡಾರ ಬಂದು ಬಲಗಣ್ಣು ಹುಣ್ಣಾಗಿ ಒಡೆದುಹೋಯಿತು, ಅದನ್ನು ಆಗಲೇ ತೆಗೆದರು. ಎಡಗಣ್ಣು ಉಳಿಯಿತು, ಅದರ ದೃಷ್ಟಿ ಉಳಿಯಲಿಲ್ಲ. ಅದರ ಮೇಲೆ ಬಿಳಿಯ ಪೊರೆ ಬೆಳೆದಿತ್ತಂತೆ, ಗುಡ್ಡೆ ತಾನೇ ತಾನಾಗಿ ಅತ್ತಿತ್ತ ಓಡಾಡುತ್ತಿತ್ತಂತೆ. ನನಗೆ ಅದರಿಂದ ಬೆಳಕೂ ತಿಳಿಯುತ್ತಿರಲಿಲ್ಲ, ಕತ್ತಲೂ ತಿಳಿಯುತ್ತಿರಲಿಲ್ಲ. ಡಾಕ್ಟರು ಟಾರ್ಚು ಹಿಡಿದು ಕೇಳಿದಾಗಲೆಲ್ಲ ಏನೂ ಇಲ್ಲ ಎಂದೇ ಹೇಳಿದ್ದೇನೆ, ಅದು ನಿಜವೇ ಆಗಿತ್ತು.

ಕೆಲಸ ನನಗೆ ಒಂದು ಸರ್ಕಾರಿ ಕಚೇರಿಯ ಟೆಲಿಫೋನ್ ಬೋರ್ಡಿನಲ್ಲಿ ಸಿಕ್ಕಿತು. ಬರುವ ಕರೆಗಳನ್ನು ಆಯಾ ಟೇಬಲ್ಲಿಗೆ ಜೋಡಿಸುವ ಕೆಲಸ. ಬೆಳಗಿನ ಪಾಳಿ ನನ್ನದೇ. ಐದಕ್ಕೆ ಎದ್ದು, ಸ್ನಾನ ಮುಗಿಸಿ, ಜಗಲಿಯಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತು ರಾಗಿ ಮಾಲ್ಟ್ ಕುಡಿಯುತ್ತಿದ್ದೆ. ಬಿಸಿಲು ಕೆನ್ನೆಗೆ ತಾಗಿದಾಗ ಬಸ್ಸಿಗೆ ಹೊರಡುವುದು. ಗಾಜು ತೆರೆದು ಮುಳ್ಳು ಮುಟ್ಟಿ ನೋಡುವ ಕೈಗಡಿಯಾರ ಇತ್ತು, ಆದರೆ ಅದನ್ನು ತೆರೆಯುವ ಮೊದಲೇ ಗಂಟೆ ಎಷ್ಟೆಂದು ನನಗೆ ಗೊತ್ತಿರುತ್ತಿತ್ತು. ಕಚೇರಿಯವರು ನನ್ನನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುವುದಾಗಿ ತಮಾಷೆ ಮಾಡುತ್ತಿದ್ದರು. ನನಗೆ ಅದು ತಮಾಷೆ ಅನ್ನಿಸುತ್ತಿರಲಿಲ್ಲ, ಬಿರುದು ಅನ್ನಿಸುತ್ತಿತ್ತು.

೧೯೯೭ರಲ್ಲಿ ಮಗಳಿಗೆ ಸಂಬಂಧ ಗೊತ್ತಾಯಿತು. ಆ ದಿನಗಳಲ್ಲೇ ಎಡಗಣ್ಣು ಆಗಾಗ ನೋಯುತ್ತಿತ್ತು, ನೀರು ಸೋರುತ್ತಿತ್ತು. ಹೆಂಡತಿ ಮತ್ತು ಅವಳ ತಮ್ಮ ನನ್ನನ್ನು ಕಣ್ಣಿನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದರು. ವಯಸ್ಸಾದವರು, ಮೆತ್ತಗಿನ ಮಾತು. ಪರೀಕ್ಷೆ ಮಾಡಿ, “ನೋವಿಗೆ ಡ್ರಾಪ್ಸ್ ಹಾಕ್ಕೊಂಡ್ರೆ...” ಎಂದು ಶುರು ಮಾಡಿದವರು ಹಾಗೇ ನಿಂತರು. ಅದಕ್ಕೆ ತುಸು ಮುಂಚೆ ಪಕ್ಕದಲ್ಲಿ ಒಂದು ಸಣ್ಣ ಸದ್ದಾಗಿತ್ತು. ಹೆಂಗಸರು ಹಿಟ್ಟು ನಾದುವುದಕ್ಕೆ ಮುಂಚೆ ಬಳೆಗಳನ್ನು ಮೊಳಕೈ ಕಡೆಗೆ ಒತ್ತಿ ಬಿಗಿ ಮಾಡಿಕೊಳ್ಳುತ್ತಾರಲ್ಲ, ಅಂಥ ಸದ್ದು. ಹೆಂಡತಿ ಸೆಖೆಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಡಾಕ್ಟರು ಗಂಟಲು ಸರಿಮಾಡಿಕೊಂಡು, “ತೆಗ್ಸಿಬಿಡೋದೂ ಒಂದು ದಾರಿ. ಹೇಗಿದ್ರೂ ಕಾಣದ ಕಣ್ಣು” ಅಂದರು.

ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು: “ನಿಮ್ಮನ್ನ ಹೊರಗೆ ಕೂರ್ಸಿದ ಮೇಲೆ ಡಾಕ್ಟ್ರು ನನ್ಹತ್ರ ಬಿಡಿಸಿ ಹೇಳಿದ್ರು ಕಣ್ರೀ. ಒಳಗೆ ವಿಷ ಕಟ್ತಾ ಇದ್ಯಂತೆ. ಬಿಟ್ರೆ ಮಿದುಳಿಗೆ ಏರ್ತದಂತೆ.”

ವಿಷ ಎಂದ ಮೇಲೆ ಯೋಚಿಸುವುದೇನಿದೆ? ತೆಗೆಸಿದೆ. ಎರಡೂ ಕಡೆ ಕೃತಕ ಕಣ್ಣು ಕೂರಿಸಿದರು. ಬೆರಳಿಗೆ ನುಣ್ಣಗೆ, ತಣ್ಣಗೆ ತಾಗುತ್ತಿದ್ದವು. ಮದುವೆಯ ದಿನ ಮಂಟಪದಲ್ಲಿ ಕೂತು ಮಗಳನ್ನು ಧಾರೆ ಎರೆದು ಕೊಟ್ಟೆ. ಬೀಗರ ಕಡೆಯ ಹೆಂಗಸೊಬ್ಬರು ನನ್ನ ಹಿಂದೆಯೇ, “ಈಗ ಎಷ್ಟ್ ಲಕ್ಷಣವಾಗವ್ರೆ ನೋಡ್ರಿ” ಅಂದರು. ಆ ‘ಈಗ’ ಎಂಬ ಮಾತು ನನಗೆ ಅಂದು ತಟ್ಟಲಿಲ್ಲ.

ತೊಂದರೆ ಶುರುವಾದದ್ದು ಮದುವೆಯ ಗಡಿಬಿಡಿ ಇಳಿದ ಮೇಲೆ. ಮೊದಲು ನಿದ್ದೆ ಬರುವುದು ಸ್ವಲ್ಪ ತಡವಾಯಿತು. ಮರುದಿನ ಇನ್ನೂ ಸ್ವಲ್ಪ. ಹೀಗೇ ಸರಿಯುತ್ತಾ ಸರಿಯುತ್ತಾ ನನ್ನ ರಾತ್ರಿ ಹಗಲಿನೊಳಕ್ಕೆ ನುಗ್ಗಿತು. ಊರು ಮಲಗಿದಾಗ ನಾನು ಎಚ್ಚರ, ಊರು ಎದ್ದಾಗ ನನಗೆ ಮೈಮೇಲೆ ಮೂಟೆ ಹೊರಿಸಿದ ಹಾಗೆ ನಿದ್ದೆ. ಕೆಲವು ವಾರಗಳಲ್ಲಿ ಅದು ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂರುತ್ತಿತ್ತು. ಆಗ ಎಲ್ಲರೂ, “ನೋಡಿ, ಸರಿಹೋಯ್ತಲ್ಲ” ಎನ್ನುತ್ತಿದ್ದರು. ಸರಿಹೋದದ್ದಲ್ಲ, ಹಾದುಹೋಗುತ್ತಿದ್ದದ್ದು ಅಷ್ಟೆ. ಮತ್ತೆ ಜಾರುತ್ತಿತ್ತು. ಬೆಳಿಗ್ಗೆ ಜಗಲಿಯಲ್ಲಿ ಕೂತು ಕೆನ್ನೆಗೆ ಬಿಸಿಲು ತಾಗಿಸಿಕೊಂಡೆ. ತಣ್ಣೀರು ಹೊಯ್ದುಕೊಂಡೆ. ರಾತ್ರಿಯ ಊಟದಲ್ಲಿ ಅನ್ನ ಬಿಟ್ಟೆ, ಆಮೇಲೆ ಊಟವನ್ನೇ ಬಿಟ್ಟೆ. ಶಿಸ್ತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದೆ, ಸಿಗಲಿಲ್ಲ. ಹಿಡಿದ ನೇಮ ನಾನು ತಪ್ಪಿರಲಿಲ್ಲ, ಮೈ ತಪ್ಪಿತ್ತು. ಯಾರನ್ನು ನಂಬಿ ಇಷ್ಟು ವರ್ಷ ನಡೆದೆನೋ ಅವನೇ ಕೈಕೊಟ್ಟ ಹಾಗಾಗಿತ್ತು.

ವರ್ಷಗಳು ಕಳೆದಂತೆ ಬೋರ್ಡಿನಲ್ಲಿ ತಪ್ಪುಗಳು ಹೆಚ್ಚಾದವು. ಮೇಲಧಿಕಾರಿಯ ಕರೆಯನ್ನು ಕ್ಯಾಂಟೀನಿಗೆ ಜೋಡಿಸಿದೆ. ಆ ಕಡೆಯಿಂದ, “ಎಷ್ಟು ಉದ್ದಿನ್ವಡೆ ಕಳಿಸ್ಲಿ ಸಾರ್?” ಎಂದು ಕೇಳಿದರಂತೆ. ಇಡೀ ಕಚೇರಿ ನಕ್ಕಿತು. “ಏನ್ ಸಾರ್, ಸಂಜೆ ಹೊತ್ತು ಎಲ್ಲಾದ್ರೂ ಕೂರ್ತೀರಾ?” ಎಂದು ಡಿಸ್ಪ್ಯಾಚಿನವನು ಗ್ಲಾಸು ಎತ್ತುವ ದನಿಯಲ್ಲಿ ಕೇಳಿದ. ನಾನು ಕುಡಿದವನಲ್ಲ. ಆದರೆ ಕುಡಿಯದವನು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡೇ ಗೊರಕೆ ಹೊಡೆದರೆ ನಂಬುವವರು ಯಾರು? ಆ ಗೊರಕೆಯನ್ನು ಬೆಂಗಳೂರಿನಿಂದ ಕರೆ ಮಾಡಿದವರು ಕೇಳಿಸಿಕೊಂಡರು. ನಮ್ಮ ಅಧಿಕಾರಿ ನನ್ನನ್ನು ಕರೆಸಿ, “ಸೋಮವಾರದೊಳಗೆ ಇದು ಏನು ಕಾಯಿಲೆ ಅಂತ ಡಾಕ್ಟ್ರಿಂದ ತಿಳ್ಕೊಂಡ್ಬನ್ನಿ. ಇಲ್ದಿದ್ರೆ ಬೋರ್ಡು ಬೇರೆಯವ್ರಿಗೆ. ನೀವು ಸುಮ್ನೆ ಆ ಕಡೆ ರೂಮಲ್ಲಿ ಕೂತಿರಿ, ಸಂಬಳ ಏನೂ ನಿಲ್ಲಲ್ಲ” ಅಂದರು.

ಸಂಬಳ ನಿಲ್ಲುವುದಿಲ್ಲ, ಕೆಲಸ ನಿಲ್ಲುತ್ತದೆ. ಕುರುಡನೊಬ್ಬನನ್ನು ಮೂಲೆಯಲ್ಲಿ ಕೂರಿಸಿ ಸಂಬಳ ಕೊಡುವುದು ಎಂದರೆ ಏನೆಂದು ನನ್ನ ಶಾಲೆಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಹಾಗಾಗಿಯೇ ಆ ಗುರುವಾರ ಹೊಸ ಡಾಕ್ಟರ ಕೋಣೆಯಲ್ಲಿ ನಾವು ಕೂತಿದ್ದೆವು.

ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸಿನ ದನಿ. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ, “ದಿನಾ ಸ್ವಲ್ಪ ಸ್ವಲ್ಪ ತಡ ಆಗ್ತಾ ಹೋಗುತ್ತೆ, ಸುತ್ತು ಹಾಕಿ ವಾಪಸ್ ಬರುತ್ತೆ, ಅಲ್ವಾ?” ಎಂದರು. ಆರು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಕಾಯಿಲೆಯನ್ನು ನನಗೇ ಸರಿಯಾಗಿ ಹೇಳಿದ್ದರು.

“ನಮ್ಮೆಲ್ಲರ ಮೈಯೊಳಗೂ ಒಂದು ಗಡಿಯಾರ ಇದೆ ಸಾರ್, ಮಿದುಳಿನಲ್ಲಿ. ಆದ್ರೆ ಅದು ಸರಿಯಾಗಿ ಒಂದು ದಿನಕ್ಕೆ ಒಂದು ಸುತ್ತು ಬರಲ್ಲ. ಬಹಳ ಜನಕ್ಕೆ ಚೂರು ನಿಧಾನ. ದಿನಾ ಬೆಳಿಗ್ಗೆ ಬೆಳಕು ಬಿದ್ದಾಗ ಅದು ಮುಂದಕ್ಕೆ ತಿರುಗಿ ಸರಿಯಾಗುತ್ತೆ.”

ನಮ್ಮ ಶಾಲೆಯ ಗೋಡೆ ಗಡಿಯಾರ ನನ್ನ ನೆನಪಿಗೆ ಬಂತು. ಅದೂ ದಿನಾ ಹಿಂದೆ ಬೀಳುತ್ತಿತ್ತು. ವಾರ್ಡನ್ನರು ಬೆಳಿಗ್ಗೆ ರೇಡಿಯೋದ ಪೀಪ್ ಸದ್ದಿಗೆ ಕಾದು ಮುಳ್ಳು ಸರಿಸುತ್ತಿದ್ದರು. ಅವರು ರಜೆ ಹೋದ ವಾರ ಊಟದ ಗಂಟೆ ಎಲ್ಲೆಲ್ಲೋ ಹೋಗುತ್ತಿತ್ತು. ಇದನ್ನು ಹೇಳಿದೆ.

“ಅದೇ, ಅದೇ! ನಿಮ್ಮ ವಾರ್ಡನ್ ರಜೆ ಹೋಗಿದಾರೆ” ಎಂದು ಡಾಕ್ಟರು ನಕ್ಕರು.

“ಆದರೆ ನನಗೆ ಬೆಳಕು ಯಾವತ್ತೂ ಕಂಡೇ ಇಲ್ವಲ್ಲ. ಆಗ ಐದಕ್ಕೆ ಏಳ್ತಿದ್ದೆ. ಬಿಸಿಲು ಕೆನ್ನೆಗೆ ತಾಗೋದು. ಈಗಲೂ ತಾಗುತ್ತೆ.”

“ಕೆನ್ನೆ ಲೆಕ್ಕಕ್ಕಿಲ್ಲ ಸಾರ್. ಹಕ್ಕಿಗಳಿಗೆ ತಲೆಬುರುಡೆ ದಾಟಿ ಒಳಗೇ ಬೆಳಕು ತಿಳಿಯುತ್ತಂತೆ. ಇಲಿ, ಹಸು, ನಾವು, ಹಾಲು ಕುಡಿದು ಬೆಳೆಯೋ ಪ್ರಾಣಿಗಳಿಗೆಲ್ಲ ಕಣ್ಣೊಂದೇ ಬಾಗಿಲು. ಆದ್ರೆ ಆ ಬಾಗಿಲಿಗೆ ಎರಡು ಕೆಲಸ ಇದೆ. ನೋಡೋದು ಒಂದು, ಹೊತ್ತು ತಿಳಿಯೋದು ಇನ್ನೊಂದು. ಹೊತ್ತು ತಿಳಿಯೋ ಜೀವಕೋಶಗಳೇ ಬೇರೆ ಅಂತ ಈಚೆಗೆ ಗೊತ್ತಾಗಿದೆ, ಮೊದ್ಲು ಇಲಿಗಳಲ್ಲಿ ಕಂಡಿದ್ದು. ನೋಡೋ ಭಾಗ ಪೂರ್ತಿ ಹೋದ್ರೂ ಕೆಲವರಲ್ಲಿ ಅವು ಬದುಕಿರ್ತವೆ. ಅವರಿಗೆ ಬೆಳಕು ಕಾಣಲ್ಲ, ಆದ್ರೆ ಮೈಗೆ ಗೊತ್ತಾಗುತ್ತೆ. ನಿಮ್ಮ ಎಡಗಣ್ಣಲ್ಲಿ ಹಾಗೆ ಇತ್ತು ಅಂತ ಈಗ ಪರೀಕ್ಷೆ ಮಾಡಿ ಹೇಳೋಕಾಗಲ್ಲ, ಕಣ್ಣೇ ಇಲ್ಲ. ಆದ್ರೆ ಕಣ್ಣಿದ್ದಾಗ ನಿದ್ದೆ ಸರಿ ಇತ್ತು, ತೆಗೆದ ಮೇಲೆ ಜಾರ್ತು. ನಂಗೆ ಬೇರೆ ಕಾರಣ ತೋಚ್ತಾ ಇಲ್ಲ. ಅಷ್ಟಕ್ಕೂ ಅದನ್ನ ಯಾಕೆ ತೆಗ್ಸಿದ್ರಿ?”

“ವಿಷ ಕಟ್ಟಿತ್ತು. ಮಿದುಳಿಗೆ ಏರುತ್ತೆ ಅಂದರು.”

“ಪೊರೆ ಬಂದ ಕಣ್ಣು, ಸ್ವಲ್ಪ ನೋವು ಅಂತೀರಿ. ಅದರಲ್ಲಿ ವಿಷ ಎಲ್ಲಿಂದ ಬರುತ್ತೆ? ಡ್ರಾಪ್ಸಲ್ಲಿ ನಿಲ್ಲೋ...”

ಮಾತು ನಡುವೆಯೇ ನಿಂತಿತು. ಈ ಸಲ ಬಳೆಗಳು ಬಿಗಿಯಾಗಿರಲಿಲ್ಲ. ನನ್ನ ಎಡಪಕ್ಕದಲ್ಲಿ ಘಲ್ಲೆಂದವು. ಎತ್ತಿದ ಕೈ ಅತ್ತಿತ್ತ ಆಡಿದ ಸದ್ದು ಅದು.

“ಅಮ್ಮಾ, ನಂಗ್ಯಾಕೆ ಕೈ ಆಡಿಸ್ತೀರಿ? ಅವರಿಗೇ ಹೇಳಿ” ಅಂದರು ಡಾಕ್ಟರು.

ಆರು ವರ್ಷದ ಹಿಂದಿನ ಆ ಸಣ್ಣ ಸದ್ದು ಏನಾಗಿತ್ತೆಂದು ನನಗೆ ಆಗ ತಿಳಿಯಿತು. ಮುಂದಿನದನ್ನು ಹೇಳಿ ಎಂದು ಡಾಕ್ಟರಿಗೆ ಹೇಳಿದೆ. ಅವರು ಹೇಳಿದರು: ಬೆಳಕಿನ ದಾರಿ ಮುಚ್ಚಿದೆ, ಇನ್ನು ತೆರೆಯುವುದಿಲ್ಲ. ಕತ್ತಲಾದಾಗ ಮೈ ತಾನೇ ತಯಾರಿಸುವ ಒಂದು ರಸ ಇದೆ, ಅದು ಮಾತ್ರೆಯಾಗಿ ಸಿಗುತ್ತದೆ. ದಿನಾ ಸಂಜೆ ಒಂದೇ ಹೊತ್ತಿಗೆ ತಪ್ಪದೆ ತೆಗೆದುಕೊಂಡರೆ ಗಡಿಯಾರ ಅದನ್ನು ಹಿಡಿದು ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಹಿಡಿಯಲು ಸಮಯ ಬೇಕು. ಕಚೇರಿಗೆ ಕೊಡಲು ನಾಲ್ಕು ಸಾಲು ಬರೆದುಕೊಟ್ಟರು.

ಹೆಂಡತಿಯ ತಮ್ಮನ ಮನೆ ಕೆಸರೆ ಬಡಾವಣೆಯಲ್ಲಿ, ಆಟೋ ಅವನದೇ. ನಮ್ಮನ್ನು ಕೂರಿಸಿಕೊಂಡು ಹೊರಟವನು ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳತೊಡಗಿದ.

“ಅಕ್ಕನ್ ಮೇಲೆ ಕೋಪ ಮಾಡ್ಕೋಬೇಡಿ ಭಾವ. ಬೀಗರ ಮನೆ ಅಜ್ಜಿ ಒಂದ್ ಮಾತು ಅಂದ್ಬುಟ್ಟಿದ್ರು. ಆ ಬಿಳೀ ಕಣ್ಣು ಇಟ್ಕೊಂಡು ಮಂಟಪದಲ್ಲಿ ಕೂರೋದು ಬ್ಯಾಡ, ಸೋದರಮಾವನೇ ಧಾರೆ ಎರೀಲಿ ಅಂತ. ನಾನ್ ಎರೀತಿದ್ದೆ ಬುಡಿ, ನಂಗೇನು, ಒಂದು ಪಂಚೆ ಸಿಕ್ಕೋದು. ಅಕ್ಕನೇ ಒಪ್ಲಿಲ್ಲ. ನಮ್ಮನೆಯವ್ರೇ ಎರೀಬೇಕು ಅಂತ ಹಠ ಹಿಡಿದ್ಬುಟ್ಳು.”

“ನೀನು ಮುಂದೆ ನೋಡ್ಕೊಂಡು ಓಡ್ಸಯ್ಯ” ಎಂದೆ. ಹೆಂಡತಿಯನ್ನು ಕೇಳಿದೆ: “ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ?”

“ಕೇಳಿದ್ರೆ ಏನಂತಿದ್ರಿ? ನನ್ ಮುಖ ನೋಡಿ ಹೆದರೋರ ಸಂಬಂಧವೇ ಬೇಡ ಅಂತಿದ್ರಿ. ಮಗಳು ಆಗ್ಲೇ ಮನಸ್ಸಲ್ಲಿ ಒಪ್ಕೊಂಡ್ಬುಟ್ಟಿದ್ಲು.”

“ಹೌದು, ಹಾಗೇ ಅಂತಿದ್ದೆ. ಅದು ನನ್ನ ಮಾತು. ನಾನು ಆಡೋದಕ್ಕೆ ಮುಂಚೆ ನೀನ್ಯಾಕೆ ಅದಕ್ಕೆ ಉತ್ತರ ಕೊಟ್ಟೆ?”

“ಆ ಕಣ್ಣಲ್ಲಿ ಇಷ್ಟೆಲ್ಲ ಇದೆ ಅಂತ ನಂಗೇನ್ರೀ ಗೊತ್ತು? ಅಷ್ಟು ದೊಡ್ಡ ಡಾಕ್ಟ್ರಿಗೇ ಗೊತ್ತಿರ್ಲಿಲ್ಲ. ಕಾಣದ ಕಣ್ಣು ಅಂದ್ಕೊಂಡೆ.”

ಅದು ನಿಜ. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಆ ಮುದಿ ಡಾಕ್ಟರನ್ನೂ ಸಹ. ನನ್ನ ದೂರೆಲ್ಲ ಆ ಕೈಯ ಮೇಲೆ. ಸನ್ನೆಗೆ ಮುಂಚೆ ಬಳೆಗಳನ್ನು ಸದ್ದಾಗದಂತೆ ಬಿಗಿ ಮಾಡಿಕೊಳ್ಳಬೇಕು ಎಂದು ಅವಳಿಗೆ ಹೊಳೆದಿತ್ತಲ್ಲ, ಅದರ ಮೇಲೆ. ನನ್ನ ಕಿವಿ ಎಷ್ಟು ಚುರುಕು ಎಂದು ಇಡೀ ಊರಿನಲ್ಲಿ ಅವಳೊಬ್ಬಳಿಗೇ ಸರಿಯಾಗಿ ಗೊತ್ತಿತ್ತು. ಆ ತಿಳಿವಳಿಕೆಯನ್ನು ಅವಳು ನನ್ನ ಮೇಲೆಯೇ ಬಳಸಿದಳು.

“ಮಗಳಿಗೆ ಗೊತ್ತಿತ್ತಾ?”

“ಇಲ್ಲ.”

ಅವಳ ‘ಇಲ್ಲ’ ಕೇಳಿದ ಕೂಡಲೇ ನಂಬುವುದು ನನಗೆ ಅಭ್ಯಾಸವಾಗಿತ್ತು. ಅವತ್ತು ಆ ಅಭ್ಯಾಸ ಕೆಲಸ ಮಾಡಲಿಲ್ಲ. ಮಗಳನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ದಾರಿಯಲ್ಲಿ ದೊಡ್ಡ ಔಷಧಿ ಅಂಗಡಿಯೊಂದರ ಮುಂದೆ ಆಟೋ ನಿಲ್ಲಿಸಿ ಹೆಂಡತಿ ಮಾತ್ರೆ ತಂದಳು. ನನ್ನನ್ನು ಕಚೇರಿಯ ಬಾಗಿಲಲ್ಲಿ ಇಳಿಸಿದರು. ಅಧಿಕಾರಿ ಡಾಕ್ಟರ ಬರಹವನ್ನು ಓದಿಕೊಂಡು, “ಇಂಥದ್ದೂ ಇರುತ್ತಾ? ಕಣ್ಣಿಲ್ದೇ ಇದ್ರೆ ನಿದ್ದೆ ಕೆಡುತ್ತಾ?” ಎಂದರು. “ಕಣ್ಣಿದ್ದವರಿಗೆ ತಿಳಿಯೋದು ಕಷ್ಟ ಸಾರ್” ಎಂದೆ. ದೀಪಾವಳಿವರೆಗೆ ನೋಡೋಣ, ಅಲ್ಲಿತನಕ ಬೋರ್ಡು ನಿಮ್ಮದೇ ಅಂದರು. ಆ ಮಾತ್ರೆ ನನ್ನ ದಿನವನ್ನು ಕಟ್ಟಿಹಾಕಲು ದೀಪಾವಳಿಯವರೆಗೂ ಎಳೆದಾಡಿತು, ಕೊನೆಗೆ ಕಟ್ಟಿಹಾಕಿತು. ನಾನು ನಿವೃತ್ತನಾದದ್ದು ಬೋರ್ಡಿನ ಮುಂದಿನಿಂದಲೇ ಎದ್ದು. ಆದರೆ ಆ ಗುರುವಾರ ಅದಾವುದೂ ಗೊತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ತೊಡೆ ಚಿವುಟಿಕೊಳ್ಳುತ್ತಾ ಸಂಜೆಯವರೆಗೆ ಕರೆಗಳನ್ನು ಜೋಡಿಸಿದೆ. ಒಂದೂ ತಪ್ಪಲಿಲ್ಲ.

ಮನೆಯಲ್ಲಿ ಊಟ ಬಡಿಸಿದಳು, ಉಂಡೆ. ಬಸ್ಸಾರು ಮಾಡಿದ್ದಳು, ನನಗೆ ಇಷ್ಟವಾದದ್ದು. ಎಂಟೂವರೆಯ ಹೊತ್ತಿಗೆ ಮಾತ್ರೆಗಳಿದ್ದ ತಗಡಿನ ಪಟ್ಟಿಯನ್ನು ಕೈಗೆ ಕೊಟ್ಟು, ಅದರ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಿಂಗಳವರೆಗೆ ಬಳಸಬಹುದು ಎಲ್ಲವನ್ನೂ ಓದಿ ಹೇಳಿದಳು. ಮದುವೆಯಾದಾಗಿನಿಂದ ನನ್ನ ಪತ್ರ, ಔಷಧಿ, ಕರೆಂಟ್ ಬಿಲ್ಲು ಎಲ್ಲ ಓದಿ ಹೇಳುತ್ತಿದ್ದವಳು ಅವಳೇ.

ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಕೋಲು ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿನ ಮೇಷ್ಟ್ರು ಜಗಲಿಯಲ್ಲೇ ಕೂತಿದ್ದರು.

“ಇದರ ಮೇಲೆ ಏನು ಬರೆದಿದೆ ಸ್ವಲ್ಪ ಓದಿ ಮೇಷ್ಟ್ರೇ.”

“ಯಾಕ್ರೀ, ಮನೆಯೋರು ಊರಲ್ಲಿಲ್ವಾ?” ಎಂದು ನಕ್ಕರು.

“ಇದ್ದಾರೆ. ಅವರು ಓದಿದಾರೆ. ನೀವೂ ಓದಿ.”

ಮೇಷ್ಟ್ರ ನಗು ನಿಂತಿತು. ಕನ್ನಡಕ ಹುಡುಕಿಕೊಂಡು ಅಕ್ಷರ ಬಿಡಿಸಿ ಬಿಡಿಸಿ ಓದಿದರು. ಹೆಸರು ಅದೇ, ಮಿಲಿಗ್ರಾಂ ಅದೇ, ತಿಂಗಳೂ ಅದೇ. ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಅವಳು ನಿಂತಿದ್ದಾಳೆ ಎಂದು ಅವಳ ಉಸಿರಿನಿಂದ ಗೊತ್ತಾಯಿತು. ಇಲ್ಲಿದ್ದೀನಿ ಎಂದು ಅವಳು ಹೇಳಲಿಲ್ಲ.

ಒಳಗೆ ಬಂದೆ. ಬೇರೆ ಮಾತ್ರೆಗಳ ಜೊತೆ ಬೆರೆಯದೆ ಬೆರಳಿಗೆ ಗುರುತು ಸಿಗಲೆಂದು ಪಟ್ಟಿಯ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದೆ. ಒಂದನ್ನು ಒತ್ತಿ ತೆಗೆದು, ನೀರು ಕುಡಿದು ನುಂಗಿದೆ. ಲೋಟ ತೊಳೆದು ಬೋರಲು ಹಾಕಿದೆ.